ಮೇಣದ ಪಾತ್ರೆ

ಅಣ್ಣ ತೀರಿಕೊಂಡು ವರ್ಷವಾದ ಮೇಲೆ ಅತ್ತಿಗೆ ಅವನ ಗಿಟಾರನ್ನು ತಮ್ಮನ ರಿಪೇರಿ ಅಂಗಡಿಗೆ ತಂದಳು. ಆಂಪ್ಲಿಫೈಯರಿಗೆ ಜೋಡಿಸಿದರೆ ಕಿವಿ ಹರಿಯುವಂತೆ ಕಿರುಚುತ್ತದೆ, ಅದೊಂದನ್ನು ನಿಲ್ಲಿಸಿಕೊಡು ಎಂದಳು. ಆಮೇಲೆ, ಹೇಳಬೇಕೋ ಬೇಡವೋ ಎಂಬಂತೆ, ಕಿರುಚಾಟದ ಹಿಂದೆ ಅವರ ದನಿ ಕೇಳಿಸುತ್ತದೆ ಎಂದಳು.

"ದನಿ ಹಾಗೇ ಇರ್ಲಿ. ನನಗೆ ಉಳಿದಿರೋದು ಅದೊಂದೇ."

ಆಗಲಿ ಎಂದು ಮಾತು ಕೊಟ್ಟು ತಮ್ಮ ಗಿಟಾರನ್ನು ಮಡಿಲಿಗೆ ಎಳೆದುಕೊಂಡ. ಎರಡು ಕೊಂಬಿನ ಈ ಗಟ್ಟಿಮರದ ವಿನ್ಯಾಸ ಹುಟ್ಟಿ ಎಪ್ಪತ್ತು ವರ್ಷ ದಾಟಿದೆ. ರೂಪಿಸಿದವನು ರೇಡಿಯೊ ರಿಪೇರಿಯವನು, ನುಡಿಸಲು ಬಾರದವನು. ಆದರೆ ಅಂಚು ಪಕ್ಕೆಗೆ ಒತ್ತುತ್ತದೆ ಎಂದು ನುಡಿಸುವವರು ಗೊಣಗಿದ್ದನ್ನು ಕಿವಿಗೆ ಹಾಕಿಕೊಂಡು ಬೆನ್ನಿನ ಮರವನ್ನೇ ತಗ್ಗಾಗಿ ಕೆತ್ತಿಸಿದ. ಅಲ್ಲಿಂದೀಚೆಗೆ ಅದು ಅಪ್ಪಿಕೊಳ್ಳುವ ಗಿಟಾರ್. ಆ ತಗ್ಗು ಈಗ ತಮ್ಮನ ಪಕ್ಕೆಗೆ ಕೂತಿತು. ಯಾರೋ ಈಗಷ್ಟೇ ಕೆಳಗಿಟ್ಟು ಎದ್ದುಹೋದಂತೆ ಬೆಚ್ಚಗಿತ್ತು.

ತಂತಿಗಳ ಕೆಳಗಿನ ತಾಮ್ರದ ಸುರುಳಿ ಸಡಿಲವಾದರೆ ಮೈಕಿನಂತಾಗಿ ಹತ್ತಿರದ ಮಾತನ್ನೇ ಹಿಡಿಯುತ್ತದೆ, ನೀವು ಕೇಳಿದ್ದು ನಿಮ್ಮದೇ ದನಿ ಎಂದು ಅವನು ಸಮಾಧಾನ ಹೇಳಿದ. ಪರೀಕ್ಷೆಗೆಂದು ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡು ಕೂತರು. ಸ್ವಿಚ್ ಹಾಕಿದ. ಸ್ಪೀಕರಿನೊಳಗೆ ಯಾರೋ ಗಂಟಲು ಸರಿಮಾಡಿಕೊಂಡರು.

"ಲೋ ಮೊದ್ದು, ನನ್ನ ಗಿಟಾರ್ ಮುಟ್ಬೇಡ ಅಂದಿದ್ನಲ್ಲ."

ಅವನನ್ನು ಹಾಗೆ ಕರೆಯುತ್ತಿದ್ದವನು ಅಣ್ಣನೊಬ್ಬನೇ. ಅತ್ತಿಗೆ ಕಣ್ಣೊರೆಸಿಕೊಳ್ಳುತ್ತ ಮುಖ ತೊಳೆಯಲು ಎದ್ದಳು. ಕಿರುಚುವ ಸುರುಳಿಗೆಲ್ಲ ಅಂಗಡಿಯಲ್ಲಿ ಒಂದೇ ಮದ್ದು: ಬಿಚ್ಚಿ, ಕರಗಿದ ಮೇಣದಲ್ಲಿ ಮುಳುಗಿಸುವುದು. ಗುಳ್ಳೆ ನಿಂತರೆ ಒಳಗಿನ ಗಾಳಿಯೆಲ್ಲ ಹೋಯಿತೆಂದು ಲೆಕ್ಕ. ತಮ್ಮನ ಹೆದರಿದ ಕೈ ರೂಢಿಯ ದಾರಿ ಹಿಡಿಯಿತು. ಮಾತು ಕೊಟ್ಟದ್ದು ನೆನಪಾಗುವಷ್ಟರಲ್ಲಿ ಸುರುಳಿ ಒಲೆಯ ಮೇಲಿನ ಮೇಣದ ಪಾತ್ರೆಯ ತಳದಲ್ಲಿತ್ತು.

ಗುಳ್ಳೆಗಳು ಎದ್ದವು. ಕೊಂಚ ತಡೆದು ಮತ್ತೆ ಎದ್ದವು. ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ಮಲಗಿದವರ ಉಸಿರಿನ ಹಾಗೆ ಬರುತ್ತಿದ್ದವು, ಬರಬರುತ್ತ ಅವಸರವಾದವು.

"ತೆಗಿ, ಅವ್ರಿಗೆ ಉಸಿರು ಕಟ್ತಿದೆ," ಬಾಗಿಲಲ್ಲಿ ನಿಂತ ಅತ್ತಿಗೆ ಮೆಲ್ಲಗೆ ಹೇಳಿದಳು.

ಅವನು ಒಲೆ ಆರಿಸಿ, ಸುರುಳಿಯನ್ನು ಹೊರತೆಗೆದು, ಒರೆಸಿ, ಮೊದಲಿನಂತೆ ಜೋಡಿಸಿದ. ತಂತಿ ಮೀಟಿದರೆ ನಾದ ಸ್ಫಟಿಕದಂತೆ ಸ್ವಚ್ಛ. ಕಿರುಚಾಟವಿಲ್ಲ. ಅತ್ತಿಗೆ ಬಗ್ಗಿ "ರೀ" ಎಂದಳು. ಮತ್ತೊಮ್ಮೆ ಎಂದಳು. ಉತ್ತರವಿಲ್ಲ.

ಅವನು ತಲೆಯೆತ್ತಲಾರದೆ ಮೇಣದ ಪಾತ್ರೆಯನ್ನೇ ನೋಡುತ್ತಿದ್ದ. ಆರುತ್ತಿದ್ದ ಮೇಣದ ಮೇಲೆ ಕೆನೆಯಂಥ ಪದರ ಕಟ್ಟಿತ್ತು. ಅದು ನಡುವಿನಲ್ಲಿ ನಿಧಾನವಾಗಿ ಉಬ್ಬಿತು, ತಗ್ಗಿತು, ಮತ್ತೆ ಉಬ್ಬಿತು.

ಅತ್ತಿಗೆಯೂ ನೋಡಿದಳು.

"ಗಿಟಾರ್ ನೀನೇ ಇಟ್ಕೋಪ್ಪ," ಎಂದಳು. ಬೆಚ್ಚಗಿನ ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿ, ಪಕ್ಕೆಗೆ ಒತ್ತಿ ಹಿಡಿದು, ಅಲುಗಿಸದೆ ಮನೆಯ ಕಡೆ ನಡೆದಳು.