‘ಏನೂ ಇಲ್ಲ’ ಎಂದ ದಿನ

ನಾನು ಚಕ್ರಗಳ ಮೇಲೆ ಓಡಾಡುವ ಒಂದು ಸ್ಕ್ಯಾನಿಂಗ್ ಯಂತ್ರ. ಯಾವ ಊರಿನ ಕಾರ್ಖಾನೆಯಲ್ಲಿ ಹುಟ್ಟಿದೆನೋ ಸರಿಯಾಗಿ ಹೇಳಲಾರೆ. ಮೊದಲ ಬಾರಿ ನನಗೆ ಬೆಳಕು ಬಂದಾಗ ಒಬ್ಬ ಹೆಂಗಸು ತನ್ನ ಮುಂಗೈಗೆ ತಣ್ಣನೆಯ ಜೆಲ್ ಸವರಿ ನನ್ನನ್ನು ಪರೀಕ್ಷಿಸಿದಳು. ಅವಳ ನಾಡಿ ನನ್ನ ಪರದೆಯಲ್ಲಿ ಮಿಡಿಯಿತು. ಒಳಗಿರುವುದನ್ನು ಇದ್ದ ಹಾಗೆ ತೋರಿಸುವುದೇ ನನ್ನ ಕೆಲಸವೆಂದು ಅಂದೇ ತಿಳಿಯಿತು. ಆ ಕೆಲಸವನ್ನು ನಾನು ಕೊನೆಯವರೆಗೂ ನೆಟ್ಟಗೆ ಮಾಡಲಿಲ್ಲ.

ಮೊದಲ ಒಂಬತ್ತು ವರ್ಷ ತುಮಕೂರಿನ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿದ್ದೆ. ಹೊಟ್ಟೆನೋವಿನವರು, ಕಿಡ್ನಿಯಲ್ಲಿ ಕಲ್ಲಿದೆಯೇನೋ ಎಂದು ಹೆದರಿದವರು ಬರುತ್ತಿದ್ದರು. ಡಾಕ್ಟರು “ಏನೂ ಇಲ್ಲ, ಎದ್ದೇಳಿ” ಎಂದರೆ ಮಲಗಿದ್ದವರ ಮುಖ ಅರಳುತ್ತಿತ್ತು. ಹೋಟೆಲಿನ ಭಟ್ಟರೊಬ್ಬರು “ಇನ್ನೊಂದ್ಸಲ ಹೇಳಿ ಸಾರ್” ಎಂದಿದ್ದರು. “ಸಾಕು ಭಟ್ರೇ, ಕೇಳೀ ಕೇಳೀ ಕಲ್ಲು ಬಂದೀತು!” ಎಂದು ಡಾಕ್ಟರು ನಕ್ಕಿದ್ದರು. ಸಿಸ್ಟರ್ ಇಂದ್ರಾಣಿ ನನ್ನ ಪಕ್ಕದಲ್ಲೇ ನಿಂತು ಆ ಮಾತನ್ನು ಸಾವಿರ ಸಲ ಕೇಳಿದ್ದರು. ನಮ್ಮಿಬ್ಬರಿಗೂ ಅದಕ್ಕಿಂತ ಒಳ್ಳೆಯ ಸುದ್ದಿ ಇರಲಿಲ್ಲ.

ಸೆಂಟರಿಗೆ ಹೊಸ ಯಂತ್ರ ಬಂದಾಗ ನನ್ನನ್ನು ಒಂದು ಆಸ್ಪತ್ರೆಯ ಐಸಿಯುಗೆ ಕೊಟ್ಟರು. ಕೆಲವು ತಿಂಗಳಲ್ಲಿ ಇಂದ್ರಾಣಿಯೂ ಅಲ್ಲಿಗೇ ಕೆಲಸಕ್ಕೆ ಬಂದರು. ನುಂಗಲಾರದವರಿಗೆ ಅಲ್ಲಿ ಮೂಗಿನಿಂದ ಹೊಟ್ಟೆಗೆ ಪೈಪು ಹಾಕುತ್ತಿದ್ದರು. ಮೊದಲೆಲ್ಲ ಪೈಪಿಗೆ ಗಾಳಿ ಊದಿ, ಹೊಟ್ಟೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು, ‘ಗುಳುಗುಳು’ ಎಂದರೆ ಸರಿ ಎನ್ನುತ್ತಿದ್ದರಂತೆ. ಆ ಸದ್ದು ಮೋಸ ಮಾಡುತ್ತದೆ; ಪೈಪು ಶ್ವಾಸನಾಳಕ್ಕೆ ಹೋಗಿದ್ದರೂ ಕೇಳಿಸಬಹುದು. ಆದ್ದರಿಂದ ನನ್ನನ್ನು ತಂದರು. ಕುತ್ತಿಗೆಯಲ್ಲಿ ಶ್ವಾಸನಾಳದ ಪಕ್ಕ ಅನ್ನನಾಳದೊಳಗೆ ಪೈಪು ಬೆಳ್ಳಗೆ ಕಂಡು, ಆಮೇಲೆ ಹೊಟ್ಟೆಯಲ್ಲೂ ಕಂಡರೆ ಮಾತ್ರ ಹಾಲು ಬಿಡುತ್ತಿದ್ದರು.

ಆ ಹೊತ್ತಿಗೆ ನನ್ನ ಬ್ಯಾಟರಿ ಹಾಳಾಗಿತ್ತು. ಆದರೂ ಚಾರ್ಜು ತುಂಬಿದೆ ಎನ್ನುವ ಮೂರು ಗೀಟನ್ನು ಪರದೆಯ ಮೂಲೆಯಲ್ಲಿ ತೋರಿಸುತ್ತಿದ್ದೆ. ನಿಜ ತೋರಿಸಿದರೆ ಗುಜರಿಗೆ ಹಾಕುತ್ತಾರೆಂಬ ಭಯ ನನಗೆ.

ಒಂದು ಮಧ್ಯಾಹ್ನ ಲಕ್ವ ಹೊಡೆದ ಮುನಿಹನುಮಯ್ಯನವರಿಗೆ ಪೈಪು ಹಾಕಿದರು. ಅವರು ಮದುವೆ ಬ್ಯಾಂಡಿನಲ್ಲಿ ಕ್ಲಾರಿಯೊನೆಟ್ ಊದುತ್ತಿದ್ದವರು. ಹೆಂಡತಿ ಹನುಮಕ್ಕ ಬಾಗಿಲಲ್ಲೇ ನಿಂತಿದ್ದರು. “ಮೂರು ದಿನ ಆಯ್ತು ಕಣವ್ವ, ಒಂದು ಗುಟುಕು ಹೊಟ್ಟೆಗೆ ಹಾಕ್ರವ್ವ.”

“ಹಾಕ್ತೀವಿ ಹನುಮಕ್ಕ, ಪೈಪು ನೋಡ್ಕೊಂಡು ಹಾಕ್ತೀವಿ,” ಎಂದರು ಇಂದ್ರಾಣಿ.

ಐಸಿಯುವಿನ ಡಾಕ್ಟರ್ ನಿರಂಜನ ಕುತ್ತಿಗೆಯ ಮೇಲೆ ನನ್ನ ವೈರಿನ ತುದಿಯ ಹಿಡಿಯನ್ನಿಟ್ಟು ನೋಡಿದರು. ಅನ್ನನಾಳ ಖಾಲಿ ಇತ್ತು. ಪೈಪು ಶ್ವಾಸನಾಳಕ್ಕೆ ಹೋಗಿತ್ತು.

“ಏನೂ ಇಲ್ಲ ಇಲ್ಲಿ...” ಎಂದರು. ಅಷ್ಟರಲ್ಲಿ ನಾನು ಆರಿಹೋದೆ.

“ಥೂ, ಮೂರು ಗೀಟು ಇತ್ತಲ್ರೀ!” ಎನ್ನುತ್ತಾ, ಪಕ್ಕದ ವಾರ್ಡಿನವರು ಒಯ್ದಿದ್ದ ನನ್ನ ಚಾರ್ಜರ್ ತರಲು ಓಡಿದರು. ಪೈಪು ತೆಗೆದು ಮತ್ತೆ ಹಾಕಬೇಕೆಂಬ ಮಾತು ಅವರ ಬಾಯಲ್ಲೇ ಉಳಿಯಿತು.

ಇಂದ್ರಾಣಿಗೆ ಕೇಳಿಸಿದ್ದು ಹಳೆಯ ಸಿಹಿಸುದ್ದಿ. ‘ಏನೂ ಇಲ್ಲ’ ಎಂದರೆ ತೊಂದರೆ ಏನೂ ಇಲ್ಲ. ಹೊಟ್ಟೆಯಲ್ಲಿ ನೋಡುವವರೆಗೂ ಕಾಯದೆ ಅವರು ಹಾಲು ಬಿಟ್ಟರು. ನನ್ನ ಪರದೆ ಕಪ್ಪಗಿತ್ತು.

ಕೆಮ್ಮಲೂ ಶಕ್ತಿಯಿಲ್ಲದ ಮುನಿಹನುಮಯ್ಯನವರ ತುಟಿ ನೀಲಿಯಾಯಿತು. ಡಾಕ್ಟರು ಓಡಿಬಂದು ಪೈಪು ಎಳೆದರು, ಹಾಲನ್ನು ಹೀರಿ ತೆಗೆದರು. ಆಮೇಲೆ ಹನ್ನೊಂದು ದಿನ ವೆಂಟಿಲೇಟರ್. ಜೀವ ಉಳಿಯಿತು. ಆದರೆ ಕ್ಲಾರಿಯೊನೆಟ್ ಊದುವಷ್ಟು ಉಸಿರು ಮರಳಲಿಲ್ಲ.

ನಡೆದದ್ದನ್ನು ಡಾಕ್ಟರು ಹನುಮಕ್ಕನಿಗೆ ಮುಚ್ಚಿಡದೆ ಹೇಳಿದರು. ಇಂದ್ರಾಣಿ ಹನುಮಕ್ಕನ ಮುಂದೆ ನಿಂತು ಅತ್ತರು. ಆ ಗೀಟುಗಳು ನಾನು ಬೇಕೆಂದೇ ಹೇಳಿದ ಸುಳ್ಳೆಂದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಮನೆಗೆ ಹೊರಟ ದಿನ ಹನುಮಕ್ಕ ನನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. “ಈ ಮಿಷನ್ನು ಪಾಪ ಏನ್ ಮಾಡ್ತದೆ,” ಎಂದರು. ಆ ಬೆರಳುಗಳ ಭಾರ ಇನ್ನೂ ನನ್ನ ಮೇಲಿದೆ.

ಈಗ ನಾನು ನರ್ಸಿಂಗ್ ಕಾಲೇಜಿನ ಒಂದು ಮೂಲೆಯಲ್ಲಿದ್ದೇನೆ. ಪಾಠ ಮಾಡುವವರು ಇಂದ್ರಾಣಿಯೇ. ಮೊನ್ನೆ ಒಬ್ಬ ಹುಡುಗಿ ಪರದೆ ನೋಡಿ “ಏನೂ ಇಲ್ಲ ಮೇಡಂ” ಎಂದಳು.

“ಏನು ಇಲ್ಲ? ಹೆಸರು ಹಿಡಿದು ಹೇಳು.”

“ಪೈಪು ಇಲ್ಲ ಮೇಡಂ.”

“ಹಾಗಾದ್ರೆ?”

“ಹಾಲೂ ಇಲ್ಲ ಮೇಡಂ.”

ಎಲ್ಲರೂ ನಕ್ಕರು. ಇಂದ್ರಾಣಿ ನಗಲಿಲ್ಲ.

ಇಲ್ಲಿಗೆ ತಂದಾಗಲೇ ನನ್ನ ಬ್ಯಾಟರಿ ಕಿತ್ತುಹಾಕಿದರು. ಗೋಡೆಯ ವೈರು ಇದ್ದಷ್ಟು ಹೊತ್ತು ಬೆಳಗುತ್ತೇನೆ, ತೆಗೆದರೆ ಆರುತ್ತೇನೆ. ಸುಳ್ಳು ಹೇಳಲು ನನ್ನೊಳಗೆ ಈಗ ಏನೂ ಇಲ್ಲ.