ಕಲ್ಲುಗುಂಡಿಗೆ ಕಳಿಸಿದ ಕಟ್ಟು

ಬೆಳಿಗ್ಗೆ ಕಚೇರಿಗೆ ಬಂದು ಬ್ಯಾಗು ಕೆಳಗಿಡುವಷ್ಟರಲ್ಲಿ ಸುಪ್ರಿತಾಳ ಫೋನು ರಿಂಗಾಯಿತು. ಹೆಸರು ನೋಡುವ ಅಗತ್ಯವೇ ಇರಲಿಲ್ಲ. ಈ ಹೊತ್ತಿಗೆ ಕಲ್ಲುಗುಂಡಿ ಶಾಖೆಯ ದಮಯಂತಿಯಕ್ಕ ಅಲ್ಲದೆ ಇನ್ಯಾರು?

"ಇವತ್ತೂ ಓಪನ್ ಆಗುದಿಲ್ಲ ಮಾರಾಯ್ತಿ. ಅದೇ ಹಾಡು. ಸರ್ವರ್ ಒಪ್ಪುದಿಲ್ಲ ಅಂತ ಬರ್ತದೆ."

"ನೀವು ಎಂತಾದ್ರೂ ಒತ್ತಿದ್ರಾ ಅಕ್ಕ?"

"ನಾನೆಂತ ಒತ್ತುದು? ಒತ್ತಲಿಕ್ಕೆ ಅದು ತೆರೀಬೇಕಲ್ಲ! ಇಲ್ಲಿ ಜನ ಸಾಲು ನಿಂತಿದ್ದಾರೆ, ನಾನು ಎಲ್ಲ ಕೈಯಲ್ಲಿ ಬರೀತಿದ್ದೇನೆ."

ಸುಪ್ರಿತಾ ಹಣೆ ಒತ್ತಿಕೊಂಡು ಕೂತಳು. ಪುತ್ತೂರಿನ ಸಹಕಾರಿ ಸಂಘವೊಂದರ ಮುಖ್ಯ ಕಚೇರಿಯಲ್ಲಿ ಕಂಪ್ಯೂಟರುಗಳ ಉಸ್ತುವಾರಿ ಅವಳದು. ಕೆಲಸಕ್ಕೆ ತೆಗೆದುಕೊಂಡದ್ದು ಆರು ತಿಂಗಳ ಪರೀಕ್ಷೆಯ ಮೇಲೆ. ಕಾಯಂ ಮಾಡುವುದೋ ಮನೆಗೆ ಕಳಿಸುವುದೋ ಎಂದು ನಿರ್ದೇಶಕರು ನಾಳೆ, ಶನಿವಾರ, ತೀರ್ಮಾನ ಮಾಡುವವರಿದ್ದರು. ಅಧ್ಯಕ್ಷ ಅಚ್ಚುತ ಗೌಡರು ಮೊನ್ನೆಯೇ ಹೇಳಿಬಿಟ್ಟಿದ್ದರು: "ಕಲ್ಲುಗುಂಡಿಯದ್ದು ಸರಿ ಆಗದಿದ್ರೆ ಈ ಕೆಲಸ ಮಂಗಳೂರಿನ ಕಂಪೆನಿಗೆ ಕೊಟ್ಟುಬಿಡುದು. ನಮಗೆ ಮಂಡೆಬಿಸಿ ಬೇಡ." ಅವರಿಗೆ ಬೇಡವಂತೆ! ಇದ್ದಬದ್ದ ಮಂಡೆಬಿಸಿಯೆಲ್ಲ ಬಂದು ಕೂತದ್ದು ಇವಳ ಮಂಡೆಯ ಮೇಲೆ.

ಆಗಿದ್ದು ಇಷ್ಟು. ಸಂಘಕ್ಕೆ ಹೊಸ ಪ್ರೋಗ್ರಾಮ್ ಬಂದಿತ್ತು. ಅದನ್ನು ಕಂಪ್ಯೂಟರಿಗೆ ಹಾಕುವಾಗ ಅದು ಕೇಳುವಷ್ಟು ಪ್ರಶ್ನೆಗಳನ್ನು ಹೆಣ್ಣು ನೋಡಲು ಬಂದವರೂ ಕೇಳುವುದಿಲ್ಲ. ಎಲ್ಲಿ ಇಡಲಿ, ಯಾವ ಪ್ರಿಂಟರು, ಯಾವ ಭಾಷೆ, ಒಂದಾ ಎರಡಾ. ಶಾಖೆಯವರಿಗೆ ಬಿಟ್ಟರೆ ತಲೆಗೊಂದರಂತೆ ಉತ್ತರ ಕೊಟ್ಟು ಕೆಡಿಸಿಯಾರು ಎಂದು ಸುಪ್ರಿತಾ ಬೇರೆ ದಾರಿ ಹಿಡಿದಳು. ಪುತ್ತೂರಿನಲ್ಲೇ ಒಂದು ಕಂಪ್ಯೂಟರಿಗೆ ಅದನ್ನು ಹಾಕಿದಳು. ಹಾಕುವ ಮೊದಲು ಯಂತ್ರ ಹೇಗಿತ್ತು, ಹಾಕಿದ ಮೇಲೆ ಹೇಗಾಯಿತು ಎಂದು ಎರಡು ಸಲ ಅದರ ಒಳಗಿನ ಸೆಟ್ಟಿಂಗುಗಳ ಚಿತ್ರ ತೆಗೆದಳು. ನಡುವೆ ಏನೇನು ಬದಲಾಗಿತ್ತೋ ಅಷ್ಟನ್ನೂ ಸೇರಿಸಿ ಒಂದು ಕಟ್ಟು ಮಾಡಿದಳು. ಶಾಖೆಯಲ್ಲಿ ಆ ಕಟ್ಟಿನ ಮೇಲೆ ಒಮ್ಮೆ ಒತ್ತಿದರೆ ಸಾಕು, ಪ್ರಶ್ನೆಯೂ ಇಲ್ಲ, ಉತ್ತರವೂ ಇಲ್ಲ.

ಜಾಲ್ಸೂರು ಶಾಖೆಯಲ್ಲಿ ಚಂದ ಓಡಿತು. ಪೆರಾಬೆಯಲ್ಲೂ ಓಡಿತು. ಕಲ್ಲುಗುಂಡಿಯಲ್ಲಿ ಹಾಕಿದ ದಿವಸ ಓಡಿ, ಮರುದಿನ ಬೆಳಿಗ್ಗೆ ಮುಷ್ಕರ ಹೂಡಿತು. ತೆಗೆಸಿ ಮತ್ತೆ ಹಾಕಿಸಿದಳು, ಇಲ್ಲ. ಹೊಸ ಕಟ್ಟು ಕಟ್ಟಿ ಕಳಿಸೋಣವೆಂದರೆ ಹಳೆಯದರಲ್ಲಿ ತಪ್ಪು ಎಲ್ಲಿ ಎಂದೇ ತಿಳಿಯದು. ಅದೇ ಕಟ್ಟು, ಅದೇ ಸರ್ವರ್, ಮೂರು ಊರಿಗೆ ಎರಡು ನ್ಯಾಯ! ತಲೆಬುಡ ಅರ್ಥವಾಗದೆ ಕೊನೆಗೆ ಇವತ್ತು ಸುಳ್ಯದ ಬಸ್ಸು ಹತ್ತಿ, ಅಲ್ಲಿಂದ ಮಡಿಕೇರಿಯ ಬಸ್ಸು ಹಿಡಿದು ಕಲ್ಲುಗುಂಡಿಯಲ್ಲಿ ಇಳಿದಳು.

ಶಾಖೆಯ ಕಂಪ್ಯೂಟರಿನ ಮುಂದೆ ಕೂತವಳ ಕಣ್ಣು ಪರದೆಯ ಮೂಲೆಗೆ ಹೋಯಿತು. ಅಲ್ಲಿ ಎಷ್ಟೋ ವರ್ಷ ಹಿಂದಿನ ತಾರೀಕು. ಸಿಕ್ಕಿಬಿತ್ತು! ತಾರೀಕು ತಪ್ಪಿದ್ದರೆ ಸರ್ವರ್ ಯಾಕೆ ಒಪ್ಪುತ್ತದೆ? ಸರಿ ಮಾಡಿದ್ದೇ ತಡ, ಪ್ರೋಗ್ರಾಮ್ ತೆರೆಯಿತು.

"ಒಳಗಿನ ಬ್ಯಾಟರಿ ಸತ್ತಿದೆ ಅಕ್ಕ. ನೀವು ಸಂಜೆ ಮೈನ್ ಸ್ವಿಚ್ ಆಫ್ ಮಾಡಿದ ಕೂಡಲೇ ಇದಕ್ಕೆ ತಾರೀಕು ಮರೆತು ಹೋಗ್ತದೆ."

ದಮಯಂತಿ ನಕ್ಕರು. "ಬ್ಯಾಟರಿ ಸತ್ತು ಯಾವ ಕಾಲವಾಯ್ತು! ಇಲ್ಲಿ ಸಿಡಿಲಿಗೆ ಹೆದರಿ ನಾವು ಸಂಜೆ ಮೈನ್ ತೆಗಿಯದೆ ಮನೆಗೆ ಹೋಗುದೇ ಇಲ್ಲ. ಮೊದಲೆಲ್ಲ ಬೆಳಿಗ್ಗೆ ಚೂರು ಹೊತ್ತಿಗೆ ತಾರೀಕು ಅದರಷ್ಟಕ್ಕೇ ಸರಿ ಆಗ್ತಿತ್ತು. ಈಗ ಅದು ಯಾಕೆ ಆಗುದಿಲ್ಲ?"

ಅದು ಯಾಕೆ ಆಗುವುದಿಲ್ಲ? ಸುಪ್ರಿತಾಳ ಖುಷಿ ಅಲ್ಲಿಗೇ ಇಳಿಯಿತು. ಹುಡುಕಿದಾಗ ಸಿಕ್ಕಿತು: ತಾರೀಕು, ಗಂಟೆ ತನ್ನಿಂತಾನೆ ಸರಿಯಾಗುವ ಗುಂಡಿಯನ್ನು ಯಾರೋ ಆಫ್ ಮಾಡಿದ್ದರು.

"ನಾನಲ್ಲ, ದೇವರಾಣೆ ನಾನಲ್ಲ," ಎಂದರು ದಮಯಂತಿ.

ಜಾಲ್ಸೂರಿಗೆ ಫೋನು ಮಾಡಿ ನೋಡಲು ಹೇಳಿದಳು. ಅಲ್ಲೂ ಆಫ್. ಪೆರಾಬೆಯಲ್ಲೂ ಆಫ್. ಅಲ್ಲಿನ ಬ್ಯಾಟರಿಗಳು ಜೀವಂತ ಇದ್ದುದರಿಂದ ಯಾರಿಗೂ ಗೊತ್ತಾಗಿರಲಿಲ್ಲ, ಅಷ್ಟೇ. ಸುಪ್ರಿತಾ ಲ್ಯಾಪ್‌ಟಾಪಿನಲ್ಲಿ ತನ್ನ ಕಟ್ಟನ್ನು ಬಿಚ್ಚಿ ಸಾಲು ಸಾಲಾಗಿ ನೋಡಿದಳು. ಇತ್ತು! ಗಂಟೆಯ ಗುಂಡಿ ಆಫ್ ಮಾಡುವ ಸಾಲು ಅವಳದೇ ಕಟ್ಟಿನೊಳಗೆ ಜಾಣನಂತೆ ಕೂತಿತ್ತು. ಅವಳಂತೂ ಅದನ್ನು ಹಾಕಿರಲಿಲ್ಲ. ಮತ್ತೆ ಹಾಕಿದ್ದು ಯಾರು, ಭೂತವಾ?

ಗುಂಡಿಯನ್ನು ಆನ್ ಮಾಡಿ, ಉಳಿದ ಶಾಖೆಗಳಲ್ಲೂ ಮಾಡಿಸಿ ವಾಪಸು ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಒಂದೇ ಯೋಚನೆ. ಬ್ಯಾಟರಿ ಸತ್ತಿತ್ತು ಎಂದು ಹೇಳಿಬಿಟ್ಟರೆ ಸುಳ್ಳೂ ಅಲ್ಲ, ಕೆಲಸವೂ ಉಳಿಯುತ್ತದೆ. ಆದರೆ ತಪ್ಪು ತನ್ನ ಕಟ್ಟಿನಲ್ಲೇ ಇರುವಾಗ ದಮಯಂತಿಯಕ್ಕನ ಮುದಿ ಕಂಪ್ಯೂಟರಿನ ಮೇಲೆ ಹಾಕುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಮನಸ್ಸು ಒಪ್ಪಲಿಲ್ಲ. ಒಪ್ಪಿಕೊಳ್ಳಲು ಹೆದರಿಕೆಯೂ ಆಯಿತು.

ಮರುದಿನ ಸಭೆ ಶುರುವಾಗುವ ಮೊದಲೇ ನಿರ್ದೇಶಕರು ಚಹಾ ಕುಡಿಯುತ್ತ ಕೂತಿದ್ದರು. ಅಚ್ಚುತ ಗೌಡರು ಅವಳನ್ನು ಒಳಗೆ ಕರೆದು, "ಎಂತಾಯ್ತಮ್ಮ ಕಲ್ಲುಗುಂಡಿಯದ್ದು?" ಎಂದರು.

"ಸರಿ ಆಯ್ತು ಸರ್. ತಪ್ಪು ನಾನು ಕಟ್ಟಿದ ಕಟ್ಟಿನಲ್ಲೇ ಇತ್ತು. ಗಂಟೆ ತನ್ನಿಂತಾನೆ ಸರಿ ಆಗುದನ್ನು ಅದು ಎಲ್ಲ ಕಡೆ ಆಫ್ ಮಾಡಿದೆ. ಅದು ಒಳಗೆ ಹೇಗೆ ಬಂತು ಅಂತ ಮಾತ್ರ ನನಗೆ ಗೊತ್ತಿಲ್ಲ."

"ಅದಾ?" ಪಕ್ಕದಲ್ಲಿದ್ದ ಮ್ಯಾನೇಜರ್ ಧರ್ಮಪಾಲ ರೈಗಳು ಚಹಾದ ಲೋಟ ಕೆಳಗಿಟ್ಟರು. "ಅದು ಆಫ್ ಮಾಡಿದ್ದು ನಾನಲ್ವಾ!"

ಸುಪ್ರಿತಾ ಅವರತ್ತ ತಿರುಗಿದಳು.

"ನೀವು ಇಲ್ಲಿ ಹೊಸ ಪ್ರೋಗ್ರಾಮ್ ಹಾಕ್ಲಿಕ್ಕೆ ಶುರು ಮಾಡಿದ್ದು ಅವತ್ತು ಶುಕ್ರವಾರ ಹನ್ನೊಂದು ಗಂಟೆಗೆ. ಸರಿಯಾದ ರಾಹುಕಾಲ! ನೀವು ಚಹಾಕ್ಕೆ ಹೋಗಿದ್ರಿ. ಪಾಪ, ನಿಮ್ಮ ಮೊದಲ ದೊಡ್ಡ ಕೆಲಸ, ಕೆಟ್ಟ ಗಳಿಗೆಯಲ್ಲಿ ಆಗುದು ಬೇಡ ಅಂತ ಕಂಪ್ಯೂಟರಿನ ಗಂಟೆ ಹಿಂದೆ ಹಾಕಿದೆ. ಆ ಗುಂಡಿ ಆಫ್ ಮಾಡದೆ ಗಂಟೆ ತಿರುಗಿಸ್ಲಿಕ್ಕೆ ಬಿಡುದಿಲ್ಲ ನೋಡಿ. ರಾಹುಕಾಲ ಕಳೆದ ಮೇಲೆ ಗಂಟೆ ಸರಿ ಮಾಡಿ ಇಟ್ಟಿದ್ದೇನೆ."

"ಮುಟ್ಟಬೇಡಿ ಅಂತ ಚೀಟಿ ಅಂಟಿಸಿದ್ದೆನಲ್ಲ ಸರ್!"

"ಚೀಟಿ ಇದ್ದದ್ದು ಕೀಬೋರ್ಡಿನ ಮೇಲೆ. ನಾನು ಮುಟ್ಟಿದ್ದು ಮೌಸ್ ಮಾತ್ರ."

ಎರಡು ಚಿತ್ರಗಳ ನಡುವೆ ಬದಲಾದದ್ದೆಲ್ಲ ಕಟ್ಟಿಗೆ ಸೇರುವಾಗ ರೈಗಳು ಆಫ್ ಮಾಡಿದ ಗುಂಡಿಯೂ ಸೇರಿಕೊಂಡಿತ್ತು. ಅಳುವುದೋ ನಗುವುದೋ ತಿಳಿಯಲಿಲ್ಲ. ಒಂದು ವಾರದ ಊಟ ನಿದ್ದೆ ಈ ಪುಣ್ಯಾತ್ಮರ ಕೈಯಲ್ಲಿ ಹಾಳಾಗಿತ್ತು! ಆದರೂ ಎದೆಯ ಮೇಲಿನ ಕಲ್ಲು ಇಳಿಯಿತು. ಈಗ ನಿರ್ದೇಶಕರು ರೈಗಳನ್ನು ಬೈಯುತ್ತಾರೆ, ತನ್ನ ತಪ್ಪಿಲ್ಲವೆಂದು ಎಲ್ಲರಿಗೂ ತಿಳಿಯುತ್ತದೆ ಎಂದುಕೊಂಡಳು.

ಗೌಡರು ಗಂಭೀರವಾಗಿ ಅವಳತ್ತ ತಿರುಗಿದರು. "ರಾಹುಕಾಲದಲ್ಲಿ ಶುರು ಮಾಡಿದ್ದು ನೀವಾ?"

"ಹೌದು ಸರ್, ಆದ್ರೆ..."

"ಛೆ ಛೆ! ಮತ್ತೆ ಕೆಡದೆ ಇರ್ತದಾ?"

"ಮ್ಯಾನೇಜರ್ರು ಗಂಟೆ ಹಿಂದೆ ಹಾಕಿದ್ದಕ್ಕೆ ಇದು ಕಲ್ಲುಗುಂಡಿಯಲ್ಲೇ ನಿಂತಿತು," ಎಂದರು ನಿರ್ದೇಶಕಿ ಪಂಕಜಾಕ್ಷಿ. "ಇಲ್ಲದಿದ್ರೆ ಎಲ್ಲ ಶಾಖೆಯೂ ಹೋಗ್ತಿತ್ತು."

ಎಲ್ಲರೂ ತಲೆದೂಗಿದರು. ರೈಗಳು ನಾಚಿಕೊಂಡು ನಕ್ಕರು. ಸುಪ್ರಿತಾ ವಿವರಿಸಲು ಹೊರಟಳು. ಆದರೆ ಯಾವುದರಿಂದ ಯಾವುದು ಕೆಟ್ಟದ್ದು ಎಂದು ಅವಳಿಗೇ ಒಂದು ಕ್ಷಣ ಸಂಶಯ ಬಂತು.

"ಇರಲಿ," ಎಂದರು ಗೌಡರು. "ಹುಡುಗಿ ತಪ್ಪು ಮುಚ್ಚಿಡ್ಲಿಲ್ಲ. ಅಂಥವರೇ ನಮಗೆ ಬೇಕಾದ್ದು. ಕಾಯಂ ಮಾಡುವ."

ರೈಗಳು ಆದೇಶದ ಕಾಗದವನ್ನು ಅವಳ ಮುಂದೆ ಸರಿಸಿದರು. ಸುಪ್ರಿತಾ ಕಣ್ಣು ಒರೆಸಿಕೊಂಡು ಪೆನ್ನು ತೆಗೆದಳು.

"ಇವತ್ತು ಶನಿವಾರ," ಎಂದರು ಗೌಡರು ಗೋಡೆಯ ಗಡಿಯಾರ ನೋಡುತ್ತ. "ಹತ್ತೂವರೆವರೆಗೆ ರಾಹುಕಾಲ ಉಂಟು. ಆದ್ರೆ ನೀವು ಕಲಿತವರು, ನಂಬಿಕೆ ಇಲ್ಲದಿದ್ರೆ ಈಗಲೇ ಸೈನ್ ಹಾಕಬಹುದು. ನಮ್ಮದೆಂತ ಅಡ್ಡಿ ಇಲ್ಲ."

ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಅವಳಿಗೆ ನಂಬಿಕೆ ಇರಲಿಲ್ಲ. ಎಳ್ಳಷ್ಟೂ ಇರಲಿಲ್ಲ.

"ಹತ್ತು ನಿಮಿಷ ತಾನೇ ಸರ್," ಎಂದು ಪೆನ್ನನ್ನು ಮೇಜಿನ ಮೇಲಿಟ್ಟಳು.