ತುಪ್ಪವಿಲ್ಲದ ತಾಟು

ಹುಲಿಗಿಗೆ ಐದು ವರ್ಷ. ನನ್ನ ಮಗಳು. ಅವಳ ತಾಟಿಗೆ ಎಣ್ಣೆ, ತುಪ್ಪ, ಕೆನೆ ಯಾವುದನ್ನೂ ಬೀಳಗೊಡುವುದಿಲ್ಲ. ಬಿದ್ದರೆ ನಾಲ್ಕು ದಿನ ಬೆಳ್ಳಗೆ, ಜಿಡ್ಡುಜಿಡ್ಡಾಗಿ ಭೇದಿ. ನಡೆಯುವಾಗ ತೂರಾಡುತ್ತಾಳೆ.

ಬೆಂಗಳೂರಿನ ಡಾಕ್ಟರು ಅವಳ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದ್ದರು. ಧಾರವಾಡದಲ್ಲಿ ಎಂಎಸ್ಸಿ ಓದುವಾಗ ನಾನು ನೋಡಿದ್ದು ದುಂಡನೆಯ ಕಣಗಳನ್ನು. ಇವಕ್ಕೆ ಮುಳ್ಳುಗಳಿದ್ದವು. ತಿಂದ ಕೊಬ್ಬನ್ನು ಕರುಳಿನಿಂದ ರಕ್ತಕ್ಕೆ ಸಾಗಿಸುವ ಏನೋ ಒಂದು ಇವಳಲ್ಲಿ ಕೆಲಸ ಮಾಡುತ್ತಿಲ್ಲ, ಅದು ಯಾವುದೆಂದು ಇನ್ನೂ ಯಾರಿಗೂ ತಿಳಿದಿಲ್ಲ ಎಂದರು. ಆಮೇಲೆ, "ಗಂಡ ಸಂಬಂಧಿಕರೇ?" ಎಂದು ಕೇಳಿದರು.

"ಸೋದರಮಾವ."

ಇಬ್ಬರಲ್ಲೂ ಅಡಗಿದ್ದ ಒಂದೇ ಕೆಟ್ಟ ಜೀನ್ ಮಗುವಿನಲ್ಲಿ ಜೋಡಿಯಾಗಿತ್ತು.

ನನ್ನ ಗಂಡ ಕನಕಪ್ಪ ಎಂಬತ್ತೆರಡನೇ ಇಸವಿಯಲ್ಲಿ ಕಾಮಾಲೆಯಾಗಿ ತೀರಿಕೊಂಡರು. ಎರಡು ವರ್ಷದಿಂದ ತಳಕಲ್ ಊರಿನ ಈ ಮನೆಯ ಅಡುಗೆಮನೆಯಲ್ಲಿದ್ದೇನೆ. ಪಕ್ಕೀರವ್ವ ನನಗೆ ಅತ್ತೆ, ಅದಕ್ಕೂ ಮೊದಲು ಅಜ್ಜಿ. ಇವತ್ತು ಅವಳ ಕಿರಿಯ ಮಗ ದ್ಯಾವಪ್ಪನಿಗೂ ನನ್ನ ತಂಗಿ ಶೇಖರಮ್ಮನಿಗೂ ಮದುವೆ ಗೊತ್ತುಮಾಡಿ ಎಲೆಅಡಿಕೆ ಹಿಡಿಸುವ ಶಾಸ್ತ್ರ. ಅವನೂ ಸೋದರಮಾವನೇ.

ಇವರ ಮಕ್ಕಳಿಗೂ ಈ ರೋಗ ಬರಬಹುದೆಂದು ಅಪ್ಪನಿಗೆ ಮೊದಲೇ ಹೇಳಿದ್ದೆ. "ಬರಬೌದು ಅಂದ್ರ ಬರದನೂ ಇರಬೌದು ಅಂತ ಆತಲ್ಲವ್ವ?" ಎಂದಿದ್ದ.

ಶೇಖರಮ್ಮ ನೀರಿಗೆಂದು ಒಳಗೆ ಬಂದಳು.

"ಒಲ್ಲೆ ಅನ್ನು ಶೇಖವ್ವ. ನಿನ್ನ ಮಕ್ಕಳಿಗೂ ಇದು ಬಂದೀತು."

"ಬರತೈತೋ ಇಲ್ಲೋ? ನೆಟ್ಟಗ ಹೇಳು."

"ನಿನ್ನ ಮೈಯಾಗ ಐತೋ ಇಲ್ಲೋ ನೋಡಾಕ ಪರೀಕ್ಷಾ ಇಲ್ಲ. ನಿಮ್ಮಿಬ್ಬರಿಗೂ ಇದ್ರ, ನಾಕರಾಗ ಒಂದಕ್ಕ."

"ಮೂರು ಛಲೋ ಇರತಾವಲ್ಲ ಮತ್ತ!" ನಕ್ಕಳು. ಆಮೇಲೆ ದನಿ ತಗ್ಗಿಸಿದಳು. "ಈ ಮಾತು ಹೊರಗ ಬಿದ್ರ ನನ್ನ ಯಾರು ಮಾಡ್ಕೋತಾರಕ್ಕ? ಸುಮ್ಮನಿರು."

ತಂಬಿಗೆ ತುಂಬಿಕೊಂಡು ಹೋದಳು.

ಇಂಥ ಹೊತ್ತಿನಲ್ಲಿ ಗಂಡ ಸತ್ತವಳು ಎದುರಿಗೆ ಬರಬಾರದು. ಬಂದರೆ ಶಕುನ ಕೆಟ್ಟಿತೆಂದು ಹಿರಿಯರು ಎದ್ದುಬಿಡುತ್ತಾರೆ. ನಮ್ಮ ಓಣಿಯಲ್ಲೇ ಹಾಗೊಂದು ಸಂಬಂಧ ಮುರಿದಿತ್ತು. ಅದನ್ನು ನಾನು ನಂಬುವುದಿಲ್ಲ. ಅವರು ನಂಬುತ್ತಾರೆ, ಅಷ್ಟು ಸಾಕಿತ್ತು. ಹುಲಿಗಿಯನ್ನು ಕಂಕುಳಿಗೆ ಎತ್ತಿಕೊಂಡೆ. ಇನ್ನೊಂದು ಕೈಯಲ್ಲಿ ಖಾಲಿ ಕೊಡ. ಅಪ್ಪ ಎಲೆ ಹಿಡಿದು ಕೈ ಚಾಚಿದಾಗ ಪಡಸಾಲೆಯ ನಡುವೆ ಹೋಗಿ ನಿಂತೆ.

ಹಿರಿಯ ಮುದುಕಪ್ಪ ಟವೆಲ್ಲು ಹೆಗಲಿಗೇರಿಸಿ ಎದ್ದ.

"ಇಷ್ಟು ಓದಿದಾಕಿ, ನಿನಗ ತಿಳಿಯೂದಿಲ್ಲೇನವ್ವ?"

ದ್ಯಾವಪ್ಪ ತಲೆ ತಗ್ಗಿಸಿದ. ಅಪ್ಪನ ಕೈ ಹಿಂದಕ್ಕೆ ಹೋಯಿತು.

"ಕುಂದ್ರಪ್ಪಾ ಮುದುಕಪ್ಪ," ಎಂದಳು ಅಜ್ಜಿ. "ಆಕಿ ನಮ್ಮನಿ ಮಗಳು. ನನ್ನ ಮಗ ಹೋದ ಅಂತ ಆಕಿನ್ನ ಮೂಲ್ಯಾಗ ಇಟ್ಟು ನನಗೂ ಸಾಕಾಗೇತಿ. ಆಕಿಗೆಂಥಾ ಶಕುನ? ಬಾರವ್ವ, ತಂಗಿ ಬಾಜೂಕ ಕುಂದ್ರು."

ಎರಡು ವರ್ಷದಲ್ಲಿ ಅವಳು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. ಅವ್ವ ಕಣ್ಣೊರೆಸಿಕೊಂಡಳು. ಯಾರೋ ಕೊಡ ಇಸಿದುಕೊಂಡರು. ಕುಳಿತೆ. ಎಲೆಅಡಿಕೆ ನನ್ನ ಮುಂದೆಯೇ ಕೈ ಬದಲಾಯಿತು.

ಹೋಳಿಗೆ ಬಂತು. ಅಜ್ಜಿ ಹುಲಿಗಿಗೂ ಒಂದು ಹಾಕಿ ತುಪ್ಪದ ಮಿಳ್ಳಿ ಬಗ್ಗಿಸಿದಳು.

"ಇವತ್ತೊಂದಿನ. ಬ್ಯಾಡ ಅನಬ್ಯಾಡ."

ತಾಟನ್ನು ನನ್ನ ಕಡೆಗೆ ಎಳೆದುಕೊಂಡು ನಾನೇ ಮುರಿದು ತಿಂದೆ.

"ನೋಡ್ರಿ, ಹೆಂಗ ತಿನ್ನಾಕತ್ತಾಳ!" ಅಜ್ಜಿಗೆ ಹಿಗ್ಗು. ಎಲ್ಲರೂ ನಕ್ಕರು.

ಹುಲಿಗಿ ಅಳತೊಡಗಿದಳು. ಶೇಖರಮ್ಮ ತನ್ನ ತಾಟಿನಿಂದ ಒಂದು ತುಣುಕು ಮುರಿದು, ತುಪ್ಪದಲ್ಲಿ ಅದ್ದಿ, ಅವಳ ಬಾಯಿಗಿಟ್ಟಳು.